ನೂರಾ ಹದಿನಾಲ್ಕು

ಪಿ.ಜೆ. ಬಡಾವಣೆಯಿಂದ ನಮ್ಮ ಕೈ ಚಿಕಿತ್ಸೆಯ ಕೋಣೆಗೆ
ಆಟೋ ಮೂರು ಸಲ ಬಂತು.
ಮೂವತ್ತೊಂಬತ್ತು ಪೆಟ್ಟಿಗೆ. ಎಣಿಸಿ ಸಹಿ ಹಾಕಿದೆ.
ಮುಚ್ಚಳದ ಮೇಲೆ ಯುದ್ಧವಿಮಾನ, ಹಡಗು, ಒಂದು ಉಗಿಬಂಡಿ,
ಒಳಗೆ ಬರೀ ಬಿಡಿಭಾಗ,
ನುಗ್ಗೆಸೊಪ್ಪಿನ ಕಡ್ಡಿಗೆ ಎಲೆ ಅಂಟಿಕೊಂಡ ಹಾಗೆ
ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡವು.
ಟ್ಯೂಬಿನ ಗೋಂದು ಕಲ್ಲಾಗಿತ್ತು.

ಕೊಟ್ಟವರು ಎಕ್ಸ್‌ರೇ ವಾಗೀಶಯ್ಯನವರ ಹೆಂಡತಿ.
ಅವರು ಹೋಗಿ ವರ್ಷವಾಗಿದೆ.
"ಶಾಲೆಗೆ ಕೊಡೋಣ ಅಂದ್ರೆ, ಮಕ್ಕಳು ನುಂಗ್ತಾರೆ ಅಂದ್ರು.
ನಿಮ್ಮಲ್ಲಿ ನುಂಗೋರು ಯಾರೂ ಇಲ್ಲವಲ್ಲ?"

ಇಲ್ಲ. ನಮ್ಮಲ್ಲಿರೋದು
ಹಿಡಿಯೋಕೆ ಬಾರದವರು.

ಅದಕ್ಕೂ ಮೊದಲು ಹಿಡಿಯಲು ಕೊಡುತ್ತಿದ್ದದ್ದು
ಕಡಲೆಕಾಳು, ಬಟ್ಟೆಯ ಕ್ಲಿಪ್ಪು, ಮೈದಾ ಉಂಡೆ.
ಬಟ್ಟಲಿಂದ ಬಟ್ಟಲಿಗೆ ಕಡಲೆ ಹಾಕಿ ಹಾಕಿ
ಹಾಜರಾಬಿ ಒಂದು ದಿನ ಕೇಳಿಯೇಬಿಟ್ಟಳು:
"ಮೇಡಂ, ಇದು ಬೇಯೋದು ಯಾವಾಗ?"

ಹಾಜರಾಬಿ ಮಂಡಕ್ಕಿ ಭಟ್ಟಿಯವಳು.
ಶಬೇಬರಾತಿನ ಹಿಂದಿನ ವಾರ
ಕಾದ ಮರಳಿಗೆ ಹೋಯಿತು ಬಲಗೈ.
ಚರ್ಮ ಕೂಡಿತು, ಬೆರಳು ಕೂಡಲಿಲ್ಲ;
ಹೆಬ್ಬೆರಳಿಗೂ ಉಂಗುರದ ಬೆರಳಿಗೂ
ಪಾಲಾದ ಅಣ್ಣತಮ್ಮಂದಿರಷ್ಟು ದೂರ.
ಪಕ್ಕದಲ್ಲಿ ಕೊಟ್ರಪ್ಪ,
ಮಿಲ್ಲು ನಿಂತು ಎಷ್ಟೋ ವರ್ಷಕ್ಕೆ ತಾನೂ ಅರ್ಧ ನಿಂತವನು.
ಆಚೆಗೆ ತಿಪ್ಪೇಶಿ,
ಕಬ್ಬಿನ ಗಾಣಕ್ಕೆ ಎರಡು ಬೆರಳು ಕೊಟ್ಟ ಹುಡುಗ.

ಸೂಚನೆಯ ಹಾಳೆ ಜಪಾನಿನದು.
ದಾವಣಗೆರೆಗೆ ಬಂದರೂ ಅದು ಯಾರೊಡನೆಯೂ ಮಾತಾಡಲಿಲ್ಲ.
ಚಿತ್ರ ಮಾತ್ರ ಎಲ್ಲರಿಗೂ ತಿಳಿಯಿತು.
ಕೊಟ್ರಪ್ಪ ಕನ್ನಡಕ ಏರಿಸಿದ,
"ಹದಿನೇಳನ್ನ ಹದಿನೆಂಟಕ್ಕೆ ಸಿಗಿಸು, ಹೊತ್ತಾಯ್ತು!"
ಪಾಳಿ ಬದಲಾಗುವ ಗಂಟೆ ಹೊಡೆದವನಂತೆ.

ಬಾಂಬುಗಳನ್ನು ಯಾರೂ ರೆಕ್ಕೆಗೆ ಸಿಗಿಸಲಿಲ್ಲ.
ಅವು ಚೌಕಾಬಾರದ ಕಾಯಿಗಳಾದವು,
ಕಡಿಸಿಕೊಂಡು ಮನೆಗೆ ಹೋಗಿ ಮತ್ತೆ ಹೊರಟವು.
ಪೈಲಟ್ ತಲೆಯ ಮೇಲಿನ ಗಾಜಿನಂಥ ಮುಚ್ಚಳ
ಹಾಜರಾಬಿಯ ಬೆರಳ ತುದಿಗೆ ಅಳತೆ ಕೊಟ್ಟಂತೆ ಕೂತಿತು,
ಸ್ನಾನಕ್ಕೊಂದು ಟೊಪ್ಪಿ.
ಖಾಲಿ ಚೌಕಟ್ಟು ಕಿಟಕಿಯ ಟೊಮೆಟೊ ಸಸಿಗೆ ಊರುಗೋಲು.
ಕೆಂಪು ನಕ್ಷತ್ರದ ಸ್ಟಿಕ್ಕರು ಮುಷ್ಟಿ ಕಟ್ಟಿದವರ ಫೈಲಿಗೆ.
ಹಡಗಿನ ಲಂಗರು ಹೇಗೋ ವಿಮಾನದ ಬಾಲಕ್ಕೆ ಹೋಯಿತು.
"ಇರ್ಲಿ ಬಿಡ್ರಿ," ಅಂದ ತಿಪ್ಪೇಶಿ,
"ಗಾಳಿಗೆ ಹಾರಿಹೋಗಬಾರದಲ್ಲ."

ಮುಚ್ಚಳಗಳ ಒಳಗೆ ಪೆನ್ಸಿಲಿನಲ್ಲಿ
ಬೆಲೆ, ತಾರೀಖು,
ಕೆಳಗೆ: ನಿವೃತ್ತಿಯ ನಂತರ.
ಮೂವತ್ತೊಂಬತ್ತರಲ್ಲೂ ಅದೇ ಮಾತು.
ಕೊನೆಯ ನಾಲ್ಕರಲ್ಲಿ ಅಕ್ಷರ ಅಲುಗಾಡಿತ್ತು.

ಆಕೆ ಒಮ್ಮೆ ನೋಡಲು ಬಂದರು.
ಗಾಜಿನ ಬೀರು ಹುಡುಕಿತು ಕಣ್ಣು. ಬೀರು ಇರಲಿಲ್ಲ.
ಲಂಗರಿನ ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿದರು,
ಚೀಲ ಕೆಳಗಿಟ್ಟು ಕೂತರು.
"ಧೂಳು ಒರೆಸೋಕೂ ಮುಟ್ಟಗೊಡ್ತಿರಲಿಲ್ಲ.
ರಿಟೈರಾದ ತಿಂಗಳೇ ಕೈ ನಡುಗೋಕೆ ಹತ್ತಿತು.
ಊರಿನ ಎಲುಬೆಲ್ಲ ನೋಡಿದವರು,
ಅವರದು ಯಾವ ಎಕ್ಸ್‌ರೇದಾಗೂ ಕಾಣಲಿಲ್ಲ."

ಆ ಹೊತ್ತಿಗೆ ಹಾಜರಾಬಿ ಹಡಗಿನ ಕೊನೆಯ ತುಂಡಿಗೆ ಬಂದಿದ್ದಳು.
ನೂರಾ ಹದಿನಾಲ್ಕು: ದೀಪವೋ ಏನೋ, ಜೀರಿಗೆಯಷ್ಟು.
ಹೆಬ್ಬೆರಳು ಹೊರಟಿತು.
ಉಂಗುರದ ಬೆರಳು ಒಲ್ಲೆನೆಂದು, ಒಲ್ಲೆನೆಂದು,
ಬಂತು.
ಎತ್ತಿದಳು. ಮೇಜಿನಿಂದ ಒಂದು ಗೇಣು.
ಬಿತ್ತು.

"ಯಾರೂ ಕಾಲು ಎತ್ತಬ್ಯಾಡ್ರಿ!" ಕೊಟ್ರಪ್ಪ ಕೂಗಿದ.
ಮೊಣಕಾಲೂರಿ ಹುಡುಕಿದೆವು,
ನಾನು, ತಿಪ್ಪೇಶಿ, ರೇಷ್ಮೆ ಸೀರೆಯ ಆಕೆಯೂ.
ಕಡಲೆಕಾಳು ಸಿಕ್ಕಿದವು, ಹಳೆಯವು, ಏಳು.
ಅದು ಸಿಗಲಿಲ್ಲ.

"ಹಿಡಿದಿದ್ದೆ," ಅಂದಳು ಹಾಜರಾಬಿ, "ನೋಡಿದ್ರಲ್ಲ?"
ಮೇಜಿನ ಕೆಳಗಿನಿಂದಲೇ ತಲೆಯೆತ್ತಿ ನೋಡಿದೆವು.
ಅವಳ ಎರಡು ಬೆರಳು
ಇನ್ನೂ ಬಿಟ್ಟಿರಲಿಲ್ಲ.